ಅಕ್ಕನ ನಾಲಿಗೆ ಮತ್ತು ಜಪಾನಿನ ಬಿಸಿಲು

ಸರಸಂಬಾ

ಬೆಳಕು ಮನುಷ್ಯಕುಲಕ್ಕೆ ದೊರೆತ ಮೊದಲ ವರ ಎಂಬ ವಿಷಯದಲ್ಲಿ ಜಗತ್ತಿನ ಸಮಸ್ತ ಧರ್ಮಗಳಿಗೂ ಒಮ್ಮತವಿದೆ. ಆ ಧರ್ಮಗಳ ಪೈಕಿ ಯಾವುದೂ ಏಪ್ರಿಲ್ ತಿಂಗಳ ಮಧ್ಯಾಹ್ನ ಜೇವರ್ಗಿ ಬಸ್ ನಿಲ್ದಾಣದಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಮಾತ್ರ ದಾಖಲೆಗೆ ತಂದುಬಿಡುತ್ತೇನೆ.

ನಾನು ಜೇವರ್ಗಿ ಕೋರ್ಟಿನ ವಕೀಲ. ಆ ಬಿಸಿಲಿನಲ್ಲಿ ಕರಿಕೋಟು ಹಾಕಿಕೊಂಡು ಹೊಟ್ಟೆ ಹೊರೆಯುವ ಕಸುಬು. ಬೆಳಕಿಗೂ ನನಗೂ ಹಳೆಯ ವ್ಯಾಜ್ಯವಿದೆ. ಅಂಥ ನಾನು, ಬೆಳಕನ್ನೇ ಔಷಧಿ ಮಾಡಿ ಕೊಡುತ್ತಾರೆ ಎಂಬ ಮಾತು ನಂಬಿ, ನನ್ನ ಅಕ್ಕನನ್ನು ಕರೆದುಕೊಂಡು ಜಪಾನಿಗೆ ಹೋದೆ.

ಅಕ್ಕನ ಹೆಸರು ನೀಲಮ್ಮ. ಆಳಂದ ತಾಲೂಕಿನ ಸರಸಂಬಾಕ್ಕೆ ಕೊಟ್ಟ ಹೆಣ್ಣು. ಗಡಿ ಕಡೆಯ ಹೆಂಗಸರಂತೆ ಅವಳೂ ಚಿಕ್ಕಂದಿನಿಂದ ಮಿಶ್ರಿ ತಿಕ್ಕಿದವಳು. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಕರಿ ಪುಡಿ. ಹಲ್ಲಿಗೆ ಎಂದು ಶುರುವಾಗಿ ಬಾಯಿಯ ಖಾಯಂ ಬಾಡಿಗೆದಾರನಾಗುವ ವಸ್ತು. ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು ಎದ್ದು, ಮಾಯದೆ, ಗಟ್ಟಿಯಾಗಿ, ಕೊನೆಗೆ ತನ್ನ ನಿಜವಾದ ಹೆಸರು ಹೇಳಿತು. ಕಲಬುರಗಿಯ ಶಸ್ತ್ರವೈದ್ಯರು ನೋಡಿ, ಅರ್ಧ ನಾಲಿಗೆ ತೆಗೆಯಬೇಕಾಗುತ್ತದೆ ಎಂದರು.

“ಯಾವ ಅರ್ಧರಿ?” ಅಕ್ಕ ಕೇಳಿದಳು.

“ಎಡಗಡೆದು.”

“ಮಾತಾಡೋದು ಯಾವ ಕಡಿಂದ ಅದರಿ?”

ವೈದ್ಯರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಇಡೀ ಸರಸಂಬಾದ ಲಗ್ನದ ಮಾತುಕತೆ, ಬದುವಿನ ಜಗಳ, ಸೊಸೆಯಂದಿರ ತಕರಾರು ಎಲ್ಲಾ ತೀರ್ಮಾನವಾಗುವುದು ಅಕ್ಕನ ಕಟ್ಟೆಯ ಮೇಲೆ. ನನಗಿಂತ ಹೆಚ್ಚು ಕೇಸು ಗೆದ್ದವಳು. ಹೊರಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: “ಬಸ್ಯಾ, ಸತ್ರ ಸಾಯ್ತೇನಿ. ಮೂಕಿ ಆಗಿ ಮನ್ಯಾಗ ಕೂಡಂಗಿಲ್ಲ.” ಹಾಸ್ಯದ ಮಾತಲ್ಲ ಎಂದು ಅವಳ ಕೈ ನೋಡಿದರೆ ಗೊತ್ತಾಗುತ್ತಿತ್ತು. ಸೆರಗಿನ ತುದಿಯನ್ನು ಹಗ್ಗ ಹೊಸೆದಂತೆ ಹೊಸೆಯುತ್ತಿತ್ತು.

ಆಗ ನೆನಪಾದವಳು ನಸ್ರೀನ್. ಅಫಜಲಪುರ ತಾಲೂಕಿನ ಹವಳಗಾದ ಹುಡುಗಿ. ತಂದೆ ಅಲ್ಲಿನ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದವರು, ನನ್ನ ಹಳೆಯ ಕಕ್ಷಿದಾರರು. ಅಪ್ಪ ಕಬ್ಬಿನ ರಸದಲ್ಲಿ ಸಿಹಿ ಅಳೆಯುತ್ತಿದ್ದರೆ ಮಗಳು ಜಪಾನಿನಲ್ಲಿ ಪಾಲಿಮರ್ ಎಂಬ ಉದ್ದ ಸರಪಳಿಯಂಥ ಕಣಗಳನ್ನು ಹೆಣೆದು, ಅದಕ್ಕೆ ಕ್ಯಾನ್ಸರಿನ ಔಷಧಿ ಕಟ್ಟುವ ಕೆಲಸದಲ್ಲಿದ್ದಳು. ಅವಳ ಗುಂಪಿನ ಔಷಧಿ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಯ ಹಂತದಲ್ಲಿತ್ತು. ಕೆಲವೇ ರೋಗಿಗಳು. ಅಕ್ಕನ ತಪಾಸಣೆಯ ಚಿತ್ರಗಳೆಲ್ಲ ಅಲ್ಲಿಗೆ ಹೋದವು. ಬಹಳ ಪತ್ರವ್ಯವಹಾರದ ನಂತರ ಬರಬಹುದು ಎಂದರು. ಆ ಊರಿನ, ಆಸ್ಪತ್ರೆಯ, ವೈದ್ಯರ ಹೆಸರು ನಾನು ಬರೆಯುವುದಿಲ್ಲ. ಬರೆಯುವುದಿಲ್ಲ ಎಂದು ಸಹಿ ಹಾಕಿದ್ದೇನೆ, ಮತ್ತು ಓದಿ ಸಹಿ ಹಾಕಿದ ಮೊದಲ ಕಾಗದ ಅದು.

ಅಕ್ಕನ ಗಂಡ ಶರಣಪ್ಪ ಮಾವ ಬರಲಿಲ್ಲ. ತೊಗರಿ ಬಿತ್ತುವ ಕಾಲ. ಹೀಗೆ ಆಳಂದದ ರೋಗಿ, ಜೇವರ್ಗಿಯ ವಕೀಲ, ಅಫಜಲಪುರದ ವಿಜ್ಞಾನಿ ಸೇರಿ ಮೂರು ತಾಲೂಕಿನ ಜಂಟಿ ನಿಯೋಗವೊಂದು ಪರದೇಶದಲ್ಲಿ ರಚನೆಯಾಯಿತು.

ವಿಮಾನ ನಿಲ್ದಾಣ

ನಿಯೋಗದ ನಾಲ್ಕನೆಯ ಸದಸ್ಯ ಒಂದು ಗಂಟು. ಬಿಳಿ ಧೋತರದಲ್ಲಿ ಕಟ್ಟಿದ ಖಡಕ್ ರೊಟ್ಟಿ. ನಮ್ಮ ಕಡೆಯ ಜೋಳದ ರೊಟ್ಟಿಯನ್ನು ಬಡಿದು, ಸುಟ್ಟು, ಹಪ್ಪಳದಂತೆ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಕ್ಕನಿಗೆ ಅದನ್ನು ಕಡಿಯಲು ಆಗುತ್ತಿರಲಿಲ್ಲ. ಬೇಳೆಯ ಕಟ್ಟಿನಲ್ಲಿ ನೆನೆಸಿ ನುಂಗುತ್ತಿದ್ದಳು. ಗಂಟು ಇದ್ದದ್ದು ನನಗಾಗಿ. ಹೋದ ದೇಶದಲ್ಲಿ ತಮ್ಮ ಉಪವಾಸ ಬೀಳುತ್ತಾನೆ ಎಂಬ ಚಿಂತೆ ಅವಳಿಗೆ ತನ್ನ ಕ್ಯಾನ್ಸರಿಗಿಂತ ತುರ್ತಿನದಾಗಿತ್ತು.

ಸುಂಕದ ಅಧಿಕಾರಿ, ಬಿಳಿ ಕೈಗವಸು ಹಾಕಿದ ತರುಣ, ಗಂಟು ಬಿಚ್ಚಿಸಿ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದ. ಟಣ್ ಎಂದಿತು. ಅವನು ಇಂಗ್ಲಿಷಿನಲ್ಲಿ, ಇದು ತಟ್ಟೆಯೋ ಎಂದು ಕೇಳಿದ. ಆಹಾರ ಎಂದೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಬಡಿದರು. ವಾದದಿಂದ ಕೆಲಸವಾಗುವುದಿಲ್ಲ ಎಂದು ಕಂಡು ನಾನು ಒಂದನ್ನು ಮುರಿದು ಅಲ್ಲೇ ತಿಂದೆ. ನ್ಯಾಯಾಂಗದ ಇತಿಹಾಸದಲ್ಲಿ ಸಾಕ್ಷ್ಯವನ್ನು ತಿಂದು ಕೇಸು ಗೆದ್ದವನು ನಾನೊಬ್ಬನೇ ಇರಬೇಕು. ಇಬ್ಬರೂ ಸೊಂಟ ಬಾಗಿಸಿ ವಂದಿಸಿದರು.

“ಇವ್ರು ಯಾಕ ಬಗ್ತಾರ ನಮಗ?” ಅಕ್ಕ ಕೇಳಿದಳು.

“ಪದ್ಧತಿ.”

“ನಿನ್ನ ಜೇವರ್ಗಿ ಪೊಲೀಸರಿಗೆ ಜರಾ ಕಲಿಸಬಾರ್ದೇನು?”

ಆಸ್ಪತ್ರೆ

ಆಸ್ಪತ್ರೆಯಲ್ಲಿ ನನಗೆ ಮೊದಲು ಬಡಿದದ್ದು ಸದ್ದಿಲ್ಲದಿರುವುದು. ನೂರಾರು ಜನರಿದ್ದರು, ಯಾರೂ ಇನ್ನೊಬ್ಬರಿಗೆ ಕೇಳಿಸುವಂತೆ ಕೆಮ್ಮುತ್ತಲೂ ಇರಲಿಲ್ಲ. ನಮ್ಮ ಕೋರ್ಟಿನಲ್ಲಿ ಸಾಹೇಬರು ಮೇಜು ಕುಟ್ಟಿ ಸದ್ದಡಗಿಸಿದ ಮೇಲೂ ಇದಕ್ಕಿಂತ ಗದ್ದಲವಿರುತ್ತದೆ. ಅಕ್ಕ ನನ್ನ ಕಿವಿಯಲ್ಲಿ, “ಯಾರರೆ ತೀರಿಕೊಂಡಾರೇನೋ?” ಎಂದಳು. ಆ ಪಿಸುಮಾತಿಗೆ ಇಡೀ ಸಾಲು ತಿರುಗಿ ನೋಡಿತು.

ನಸ್ರೀನ್ ಬಂದಳು. ಬಿಳಿ ಕೋಟು, ದುಂಡು ಕನ್ನಡಕ, ಬಾಯಿ ತೆರೆದರೆ ಅಪ್ಪಟ ಹವಳಗಾ. ಅಕ್ಕ ಅವಳ ಗಲ್ಲ ಹಿಡಿದು, “ಎಷ್ಟ್ ಬಡಕಾಗಿ ಬೇ, ಇಲ್ಲಿ ಉಣ್ಣಾಕ ಕೊಡಂಗಿಲ್ಲೇನು?” ಎಂದಳು. ಅಲ್ಲಿಂದ ಮುಂದೆ ಆ ಹುಡುಗಿ ವಿಜ್ಞಾನಿ ಅರ್ಧ, ಸೊಸೆ ಅರ್ಧ.

ಹಿರಿಯ ವೈದ್ಯರು ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ. ಅವರು ಚಿತ್ರ ಬರೆದು ವಿವರಿಸಿದರು. ನಸ್ರೀನ್ ಕನ್ನಡಕ್ಕೆ ಇಳಿಸಿದಳು.

“ಅಮ್ಮಾ, ಇದು ಒಂದು ಬಣ್ಣದಂಥ ದವಾ. ತಾನೇ ಏನೂ ಮಾಡಂಗಿಲ್ಲ. ಅದರ ಮ್ಯಾಲ ರೋಶನಿ ಬಿತ್ತಂದ್ರ, ಅಲ್ಲೇ ಇದ್ದ ಆಕ್ಸಿಜನ್ನ ವಿಷ ಮಾಡಿ ಸುತ್ತಲಿಂದು ಸುಡತದ. ಹಳೀ ದವಾ ಏನಿತ್ತು, ಅದು ಮೈತುಂಬ ಹರಡತಿತ್ತು. ರೋಗಿ ವಾರಗಟ್ಟಲೆ ಕತ್ತಲ್ಯಾಗ ಕೂಡಬೇಕು. ಬಿಸಲಿಗೆ ಬಂದ್ರ ಮೈಯೆಲ್ಲಾ ಬೊಬ್ಬಿ. ನಾವು ಅದನ್ನ ಉದ್ದನ್ನ ಸರಪಳಿಗೆ ಕಟ್ಟೇವಿ. ರಕ್ತದಾಗ ಉಂಡಿ ಕಟ್ಟಿಕೊಂಡು ಸುಮ್ ಇರ್ತದ. ಉಂಡಿ ದೊಡ್ಡದು, ಚಲೋ ರಕ್ತನಾಳದಿಂದ ಹೊರಗ ಬೀಳಂಗಿಲ್ಲ. ಗಡ್ಡಿ ಒಳಗಿನ ನಾಳ ಮಾತ್ರ ತೂತುತೂತು ಇರ್ತಾವ.”

“ಯಾಕ ತೂತು?”

ಇಲ್ಲಿ ನಾನು ಪ್ರವೇಶಿಸಿದೆ. ಗಡ್ಡೆ ಎಂದರೆ ಪರವಾನಗಿ ಇಲ್ಲದೆ ಅವಸರದಲ್ಲಿ ಕಟ್ಟಿದ ಮನೆ. ಗೋಡೆಯಲ್ಲಿ ಸಂದು, ಹೊರಹೋಗಲು ಚರಂಡಿ ಇಲ್ಲ. ಒಳಗೆ ಬಿದ್ದದ್ದು ಅಲ್ಲೇ ನಿಲ್ಲುತ್ತದೆ. ನಸ್ರೀನ್ ಅದನ್ನು ಜಪಾನಿಯಲ್ಲಿ ಹೇಳಿದಳು. ಹಿರಿಯರು ತಲೆಯಾಡಿಸಿ, ಹೌದು, ಅಲ್ಲಿ ಉಂಡೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಕೆಂಪು ಬೆಳಕು ಬಿಡುತ್ತೇವೆ ಎಂದರು. ಆದರೆ ಇದು ಮನುಷ್ಯರಲ್ಲಿ ಇನ್ನೂ ಹೊಸದು. ಆದ್ದರಿಂದ ನಿಯಮ ಮಾತ್ರ ಹಳೆಯ ಔಷಧಿಯದೇ. ಸೂಜಿ ಹಾಕಿದ ಮೇಲೆ ಕಿಟಕಿ ಮುಚ್ಚಿದ ಕೋಣೆ, ಮಂದ ದೀಪ. ಬಿಸಿಲಿಗೆ ಹೋಗಕೂಡದು. ಬಿಸಿಲು ತಗುಲಿ ಏನಾದರೂ ಹೆಚ್ಚುಕಮ್ಮಿಯಾದರೆ ಚಿಕಿತ್ಸೆ ನಿಲ್ಲುತ್ತದೆ. ಔಷಧಿ ಗಡ್ಡೆಯಲ್ಲಿ ನಿಲ್ಲುವುದೂ ಸ್ವಲ್ಪ ದಿನ ಮಾತ್ರ. ಚಿಕಿತ್ಸೆ ನಿಂತರೆ, ಊರಿಗೆ ಹೋಗಿ ನಾಲಿಗೆ ಕೊಯ್ಯಿಸಿಕೊಳ್ಳುವುದು.

“ತಿಳಿತೇನು ಅಮ್ಮಾ?”

“ತಿಳಿಲಾರ್ದಕ್ಕ ನಾ ಏನ್ ಸಣ್ಣಾಕೀನಾ? ಬಿಸಲಿಗೆ ಮೈ ತೋರ್ಸಬಾರ್ದು. ಬರೋಬರ್.”

ಈ ಉತ್ತರವನ್ನು ಓದುಗರು ನೆನಪಿಡಬೇಕಾಗಿ ವಿನಂತಿ. ಅವಳು ‘ಹೋಗಬಾರದು’ ಎನ್ನಲಿಲ್ಲ. ಮೂವತ್ತು ವರ್ಷ ಸಾಕ್ಷಿಗಳ ಬಾಯಿ ನೋಡಿದ ವಕೀಲನಿಗೂ ಅದು ಹೊಳೆಯಲಿಲ್ಲ.

ಮಳೆ

ಸೂಜಿ ಹಾಕಿದರು. ಹೊರಗೆ ಅವರ ಮಳೆಗಾಲ. ನಮ್ಮ ಮಳೆ ಬಂದರೆ ಬಂದೆ ಎಂದು ಹೇಳಿ, ಬಾರದಿದ್ದರೆ ಇಲ್ಲ ಎಂದು ಹೇಳುತ್ತದೆ. ಇದು ಹಾಗಲ್ಲ, ಸರ್ಕಾರಿ ಕಚೇರಿಯ ನಲ್ಲಿಯಂತೆ ದಿನವಿಡೀ ಜಿನುಗುತ್ತಿತ್ತು. ಗಾಳಿಯೇ ಒದ್ದೆ. ನನ್ನ ಕರಿಕೋಟಿನ ಕಾಲರಿಗೆ ಬೂಷ್ಟು ಬಂತು. ಕೋಟನ್ನು ಯಾಕೆ ತಂದೆ ಎಂದು ಕೇಳಬೇಡಿ. ಪರದೇಶದಲ್ಲಿ ಮರ್ಯಾದೆಗೆ ಇರಲಿ ಎಂದು.

ಆ ದಿನಗಳಲ್ಲಿ ನಾನು ಊಟದ ವಿಷಯದಲ್ಲಿ ಒಂದು ಅಪಘಾತಕ್ಕೆ ಗುರಿಯಾದೆ. ಅಂಗಡಿಯಲ್ಲಿ ಗಟ್ಟಿ ಮೊಸರು ಕಂಡು ಹರ್ಷದಿಂದ ತಂದು, ಸಕ್ಕರೆ ಹಾಕಿ ಚಮಚೆಯಿಂದ ತಿಂದೆ. ಅದು ಸೋಯಾ ಕಾಳಿನ ಗಿಣ್ಣು. ಕೋಣೆಗೆ ಬಂದ ದಾದಿ ನೋಡಿ, ಏನೂ ಹೇಳದೆ ಹೊರಗೆ ಹೋಗಿ, ಒಂದು ಪುಟ್ಟ ಬಟ್ಟಲಲ್ಲಿ ಉಪ್ಪಿನ ಕಪ್ಪು ರಸ ತಂದಿಟ್ಟು ಹೋದಳು. ನನ್ನ ತಪ್ಪನ್ನು ಇಷ್ಟು ಮರ್ಯಾದೆಯಿಂದ ಯಾರೂ ಎತ್ತಿ ತೋರಿಸಿರಲಿಲ್ಲ.

ರೊಟ್ಟಿಯ ಗಂಟು ಬಿಚ್ಚಿದೆ. ಟಣ್ ಎನ್ನುತ್ತಿದ್ದ ರೊಟ್ಟಿ ಒದ್ದೆ ಚರ್ಮದಂತೆ ಬಾಗಿತು. “ಅಕ್ಕಾ, ಇವು ಕೆಟ್ಟು” ಎಂದೆ.

ಮಂದ ದೀಪದಲ್ಲಿ ಅವಳ ಮುಖ ಕಾಣಲಿಲ್ಲ. ಧ್ವನಿ ಕೇಳಿತು. “ಕೆಟ್ಟಿಲ್ಲ. ಮೆತ್ತಗಾಗ್ಯಾವ. ಒಂದು ಬಿಸಲು ಬಿತ್ತಂದ್ರ ಸಾಕು.”

ಬಿಸಿಲು ಬಿದ್ದ ದಿನ

ಮರುದಿನ ಮಳೆ ನಿಂತಿತು. ಆ ಊರಿನ ಆಕಾಶ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಕೆಂಪು ದೀಪದ ಚಿಕಿತ್ಸೆ ಅದರ ಮರುದಿನಕ್ಕೆ ನಿಗದಿಯಾಗಿತ್ತು. ಅಕ್ಕ ನನ್ನನ್ನು, “ಹೋಗು, ಊಟ ಮಾಡಿ ಬಾ, ಮೊಸರು ತಗೊಬ್ಯಾಡ” ಎಂದು ಕಳಿಸಿದಳು.

ತಿರುಗಿ ಬಂದಾಗ ಹಾಸಿಗೆ ಖಾಲಿ. ಚಾದರ ಇಲ್ಲ. ಧೋತರದ ಗಂಟು ಇಲ್ಲ. ಗೂಟದಲ್ಲಿ ತೂಗುಹಾಕಿದ್ದ ನನ್ನ ಕರಿಕೋಟೂ ಇಲ್ಲ. ಬಾಗಿಲಲ್ಲಿ ನಿಂತ ದಾದಿಯ ಮುಖ ಗೋಡೆಗಿಂತ ಬಿಳುಪಾಗಿತ್ತು. ಆಮೇಲೆ ಅವಳು ಓಡಿದಳು. ಆ ದೇಶದಲ್ಲಿ ಒಬ್ಬರು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳ ಹಿಂದೆ ನಾನೂ ಓಡಿದೆ.

ಕೋಣೆಗಳ ನಡುವಿನ ಓಣಿಯ ತುದಿಯಲ್ಲಿ ಮಾಳಿಗೆಗೆ ಹೋಗುವ ಬಾಗಿಲು. ರೋಗಿಗಳು ಗಾಳಿಗೆ ಕೂರಲೆಂದು ಅಲ್ಲಿ ಒಂದು ತೋಟ ಮಾಡಿದ್ದರು. ಬಾಗಿಲು ತೆಗೆದಾಗ ಬಿಸಿಲು ಕಪಾಳಕ್ಕೆ ಹೊಡೆದಂತೆ ಹೊಡೆಯಿತು. ಆ ಬಿಸಿಲಿನ ನಟ್ಟನಡುವೆ, ಹೂಕುಂಡಗಳ ಪಕ್ಕ, ಆಸ್ಪತ್ರೆಯ ಬಿಳಿ ಚಾದರ ಹಾಸಿ, ಅದರ ಮೇಲೆ ಒಂದೊಂದಾಗಿ ರೊಟ್ಟಿ ಹರವಿ, ನನ್ನ ಅಕ್ಕ ಕೂತಿದ್ದಳು.

ನಿಂಬರ್ಗಾ, ಸರಸಂಬಾ ಕಡೆ ತೊಗರಿ ಕೊಯ್ಯಲು ಹೋಗುವ ಹೆಂಗಸರನ್ನು ನೀವು ನೋಡಿರಬಹುದು. ಸೀರೆಯ ಮೇಲೆ ಗಂಡನ ಅಂಗಿ, ತಲೆಗೆ ಮುಖಕ್ಕೆ ಬಟ್ಟೆ ಸುತ್ತಿ, ಎರಡು ಕಣ್ಣಷ್ಟೇ ಹೊರಗೆ. ಅಕ್ಕ ಹಾಗೇ ಕೂತಿದ್ದಳು. ಅಂಗಿಯ ಬದಲು ವಕೀಲರ ಕೋಟು. ಮುಖಕ್ಕೆ ರೊಟ್ಟಿ ಕಟ್ಟಿದ ಧೋತರ. ಬಿಸಿಲಿಗೆ ಮೈ ತೋರಿಸಬಾರದು ಎಂಬ ವೈದ್ಯರ ಆಜ್ಞೆಯನ್ನು ಅವಳು ತನ್ನ ಅನುಭವದ ಪ್ರಕಾರ ಅಕ್ಷರಶಃ ಪಾಲಿಸಿದ್ದಳು. ಹೊಲದ ಹೆಂಗಸಿಗೆ ಬಿಸಿಲಿನಿಂದ ಪಾರಾಗುವುದೆಂದರೆ ಮನೆಯೊಳಗೆ ಕೂರುವುದಲ್ಲ, ಸುತ್ತಿಕೊಂಡು ಕೆಲಸಕ್ಕೆ ಹೋಗುವುದು.

ಇಷ್ಟರಲ್ಲೇ ಮುಗಿದಿದ್ದರೆ ಅಷ್ಟು ಭಯವಿರಲಿಲ್ಲ. ಆದರೆ ಜಪಾನಿನ ಕಾಗೆಗಳು ಬಂದವು. ಕಾಗೆ ಎಂಬ ಪದಕ್ಕೆ ಅಷ್ಟು ಗಾತ್ರ ಇರಬಹುದು ಎಂದು ನಾನು ಎಣಿಸಿರಲಿಲ್ಲ. ಅವು ಕಟಾಂಜನದ ಮೇಲೆ ಸಾಲಾಗಿ ಕೂತು, ನ್ಯಾಯಪೀಠದಂತೆ ರೊಟ್ಟಿಯನ್ನು ಪರಿಶೀಲಿಸುತ್ತಿದ್ದವು. ಅಕ್ಕ ಮುಖದ ಬಟ್ಟೆ ಕೆಳಗೆ ಎಳೆದಿದ್ದಳು, ಕೋಟಿನ ಬಲತೋಳನ್ನು ಮಡಿಸಿ ಮೇಲೇರಿಸಿದ್ದಳು, ಸೂರ್ಯನಿಗೆ ಅಭಿಮುಖವಾಗಿ ಬಾಯಿ ಪೂರ್ತಿ ತೆರೆದು, ಔಷಧಿ ತುಂಬಿದ ಆ ನಾಲಿಗೆಯಿಂದ, ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗುತ್ತಿದ್ದಳು.

“ಹುಶ್! ಹಾಳಾಗಿ ಹೋಗ್ರಲೇ! ನಿಮ್ಮವ್ವ ನಿಮಗ ಉಣ್ಣಾಕ ಹಾಕಿಲ್ಲೇನು?”

“ಅಕ್ಕಾ! ಒಳಗ ನಡಿ!”

“ಬಂದ್ಯಾ? ನೋಡ್ಲೇ ಬಸ್ಯಾ, ಎಷ್ಟೆಷ್ಟ್ ದೊಡ್ಡು ಅವ, ನಮ್ಮ ಹುಂಜ ಇವಕ್ಕ ಮರಿ ಆಗ್ತದ.”

“ನಿನಗ ಬಿಸಲು ಬ್ಯಾಡ ಅಂದಾರ!”

“ಸುತಗೊಂಡೇನಲ್ಲಾ! ತಡಿ, ಒಂದು ಮಗ್ಗಲ ಆಗ್ಯಾವ, ತಿರುವಿ ಹಾಕಿ ಬರ್ತೇನಿ.”

ದಾದಿ ಹಸಿರು ಬಟ್ಟೆಯೊಂದನ್ನು ಅವಳ ತಲೆಯ ಮೇಲಿಂದ ಎಸೆದು ತಬ್ಬಿ ಎತ್ತಿದಳು. ಆ ಹುಡುಗಿ ಅಕ್ಕನ ಅರ್ಧದಷ್ಟೂ ಇರಲಿಲ್ಲ. ಹೇಗೆ ಎತ್ತಿದಳೋ ತಿಳಿಯದು. ಬಟ್ಟೆಯೊಳಗಿಂದ ಅಕ್ಕನ ಸೂಚನೆಗಳು ಬರುತ್ತಲೇ ಇದ್ದವು: “ರೊಟ್ಟಿ ನೋಡ್ಲೇ! ಕಾಗಿ ನೋಡ್ಲೇ!” ನಾನು ಬಿಸಿಲಿನಲ್ಲಿ ನಿಂತೇ ಇದ್ದೆ. ನನ್ನ ಎದುರಿಗೇ ಒಂದು ಕಾಗೆ ಇಳಿದು, ಒಂದು ರೊಟ್ಟಿ ಎತ್ತಿಕೊಂಡು, ಯಾವ ಅವಸರವೂ ಇಲ್ಲದೆ ಹಾರಿಹೋಯಿತು. ಕೈ ಎತ್ತಬೇಕು ಎಂದು ಹೊಳೆಯಲಿಲ್ಲ. ಸಾಕ್ಷಿಪೆಟ್ಟಿಗೆಯಲ್ಲಿ ನಿಂತು ಮಾತೇ ಹೊರಡದ ಜನರನ್ನು ನಾನು ಎಷ್ಟೋ ಸಲ ಗದರಿಸಿದ್ದೇನೆ. ಅವರ ಸ್ಥಿತಿ ಏನೆಂದು ಆಗ ತಿಳಿಯಿತು.

ಕಾಯುವುದು

ಕೋಣೆಗೆ ಬಂದಾಗ ನಸ್ರೀನ್ ಅಕ್ಕನ ಬಲಗೈ ಹಿಡಿದು ಮಂದ ದೀಪದಲ್ಲಿ ನೋಡುತ್ತಿದ್ದಳು.

“ಚಾಚಾ, ಹಳೀ ದವಾ ಇದ್ದಿದ್ರ ಇಷ್ಟೊತ್ತಿಗೆ ಕೈ ಉರಿ ಹತ್ತತಿತ್ತು. ನಾಳಿ ಮುಂಜಾನಿತನಕ ಏನೂ ಹೇಳಾಕ ಬರಂಗಿಲ್ಲ.”

“ನಾಲಿಗಿ?”

“ಗೊತ್ತಿಲ್ರಿ. ಯಾರೂ ಹಿಂಗ ಮಾಡಿಲ್ಲ.”

ಅಕ್ಕ ಸಣ್ಣ ದನಿಯಲ್ಲಿ, “ದವಾ ಕೊಡಂಗಿಲ್ಲೇನು ಬೇ ಇನ್?” ಎಂದಳು. ನಸ್ರೀನ್ ಅವಳ ಕೈಯ ಮೇಲೆ ಚಾದರ ಎಳೆದಳು.

ಆಗ ಬಾಗಿಲು ಸರಿಯಿತು. ಹಿರಿಯ ವೈದ್ಯರು, ಅವರ ಹಿಂದೆ ಆ ದಾದಿ, ಅವಳ ಹಿಂದೆ ದಾದಿಯರ ಮುಖ್ಯಸ್ಥೆ. ನಾನು ಎದ್ದು ನಿಂತೆ. ಇನ್ನು ಬೈಗುಳ, ಆಮೇಲೆ ಹೊರದಬ್ಬುವ ಆದೇಶ ಎಂದು ಮನಸ್ಸಿನಲ್ಲೇ ಪ್ರತಿವಾದ ಜೋಡಿಸಿಕೊಳ್ಳುತ್ತಿದ್ದೆ: ರೋಗಿಯ ಭಾಷೆ ಬೇರೆ, ನೆಲ ಬೇರೆ, ಮಾಳಿಗೆಯ ಬಾಗಿಲಿಗೆ ಕೀಲಿ ಇರಲಿಲ್ಲ. ಮೂವರೂ ಸಾಲಾಗಿ ನಿಂತರು. ಮೂವರೂ ಸೊಂಟದಿಂದ ಬಾಗಿದರು, ಬಾಗಿದವರು ಏಳಲಿಲ್ಲ.

“ಏನ್ ಮಾಡಾಕತ್ತಾರ ಇವ್ರು?” ಅಕ್ಕ ಗಾಬರಿಯಾದಳು.

“ಮಾಫಿ ಕೇಳಾಕತ್ತಾರ ಅಮ್ಮಾ,” ನಸ್ರೀನ್ ಎಂದಳು. “ನಿಮ್ಮನ್ನ ಸರಿಯಾಗಿ ಕಾಯಲಿಲ್ಲ, ಬಾಗಿಲಿಗೆ ಕೀಲಿ ಹಾಕಲಿಲ್ಲ, ನಮ್ಮದೇ ತಪ್ಪು ಅನ್ನಾಕತ್ತಾರ.”

ಈ ಘಟನೆಯ ತೂಕ ನಿಮಗೆ ಹೇಗೆ ತಿಳಿಸಲಿ? ಮೂವತ್ತು ವರ್ಷದ ವಕಾಲತ್ತಿನಲ್ಲಿ, ಆರೋಪ ಹೊರಿಸುವ ಮೊದಲೇ ತಪ್ಪು ನನ್ನದು ಎಂದು ಯಾರೂ ಒಪ್ಪಿಕೊಂಡಿದ್ದಿಲ್ಲ. ಹೊರಿಸಿದ ಮೇಲೂ ಇಲ್ಲ. ಶಿಕ್ಷೆ ಅನುಭವಿಸಿ ಬಂದ ಮೇಲೂ ಇಲ್ಲ. ಜೋಡಿಸಿಕೊಂಡಿದ್ದ ಪ್ರತಿವಾದ ಅಲ್ಲೇ ಬಿಟ್ಟು ಕೂತುಬಿಟ್ಟೆ. ಅಕ್ಕ ಮಂಚದಿಂದ ಇಳಿದು ಆ ದಾದಿಯ ಭುಜ ಹಿಡಿದು ಎತ್ತಿ, “ಏಳ್ ಬೇ ಮಗಳಾ, ತಪ್ಪು ನಂದು, ನಿಂದೇನದ?” ಎಂದು ಅತ್ತಳು. ಅಕ್ಕ ಅತ್ತದ್ದೂ, ತಪ್ಪು ನಂದು ಎಂದದ್ದೂ ಎರಡನ್ನೂ ನಾನು ಒಟ್ಟಿಗೆ ನೋಡಬೇಕಾಯಿತು. ಆ ದಿನ ನನ್ನ ಪಾಲಿಗೆ ಸ್ವಲ್ಪ ಹೆಚ್ಚೇ ಆಯಿತು.

ಮುಂಜಾನೆ ನೋಡಿದಾಗ ನಾಲಿಗೆ ಇದ್ದಂತೆಯೇ ಇತ್ತು; ಗಳಿಗೆ ಹೊತ್ತಿನ ಬಿಸಿಲು ಅದನ್ನು ಸುಟ್ಟಿರಲಿಲ್ಲ. ಬಲಗೈಯ ಮೇಲ್ಭಾಗ, ಮೂಗಿನ ತುದಿ ಸ್ವಲ್ಪ ಕೆಂಪಾಗಿದ್ದವು. ಬೊಬ್ಬೆ ಇಲ್ಲ. ಉರಿ ಇಲ್ಲ. ಒಂದು ದಿನ ತೊಗರಿ ಹೊಲದಲ್ಲಿ ಕೆಲಸ ಮಾಡಿ ಬಂದವರ ಕೈಯಷ್ಟು. ನಸ್ರೀನ್ ಅದನ್ನು ಮತ್ತೆ ಮತ್ತೆ ನೋಡಿದಳು. ಹೊರಗೆ ಓಣಿಯಲ್ಲಿ ನನ್ನೊಬ್ಬನಿಗೇ ಹೇಳಿದಳು:

“ಚಾಚಾ, ಉಂಡಿ ಬಿಚ್ಚಿಲ್ಲ. ಚರ್ಮಕ್ಕ ಬಂದಿಲ್ಲ ದವಾ. ನಾವು ಕಟ್ಟಿದ್ದು ರಕ್ತದಾಗ ಹಂಗೇ ಗಟ್ಟಿ ಅದ. ನನಗ ಖುಶಿ ಆಗಾಕತ್ತದರಿ. ಅಮ್ಮಾ ಒಳಗ ಅಂಜಿಕೊಂಡು ಕೂತಾರ, ನನಗ ಇಲ್ಲಿ ಖುಶಿ. ನಾ ಎಂಥಾಕಿ ಅದೇನಿ?”

“ಹೊಟ್ಟಿಗೆ ಏನರೆ ತಿಂದ್ಯಾ?” ಎಂದು ಕೇಳಿದೆ. ತೀರ್ಪು ಕೊಡುವುದು ನನ್ನ ಕಸುಬಲ್ಲ.

“ಆದ್ರ ಒಬ್ಬರ ಕೈಯಿಂದ ಏನೂ ಸಿದ್ಧ ಆಗಂಗಿಲ್ರಿ,” ಎಂದು ಅವಳೇ ಮುಂದುವರಿಸಿದಳು, ಯಾರೋ ಅವಳನ್ನು ಪಾಟೀಸವಾಲು ಮಾಡಿದಂತೆ.

ಸಮಿತಿ

ಚಿಕಿತ್ಸೆ ಮುಂದುವರಿಸಬೇಕೋ ಬೇಡವೋ ಎಂದು ಆ ದಿನ ಆಸ್ಪತ್ರೆಯ ಸಮಿತಿ ಕೂತಿತು. ನನ್ನನ್ನು, ಅಕ್ಕನನ್ನು ಒಳಗೆ ಕರೆದರು. ಅಕ್ಕನಿಗಾಗಿ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಬೂಷ್ಟು ಒರೆಸಿದ ಕೋಟು ಹಾಕಿಕೊಂಡಿದ್ದೆ. ಮಾನವೀಯತೆ, ದೇಶದೇಶಗಳ ಸ್ನೇಹ, ಅಬಲೆಯ ಹಕ್ಕು ಎಂದು ಮೂರು ಭಾಗದ ವಾದ ಸಿದ್ಧವಿತ್ತು. ಮಂಡಿಸಿದೆ. ನಸ್ರೀನ್ ಭಾಷಾಂತರಿಸಿದಳು, ನನ್ನ ಒಂದು ಪರಿಚ್ಛೇದಕ್ಕೆ ಅವಳದು ಒಂದು ವಾಕ್ಯ ಬರುತ್ತಿದ್ದುದನ್ನು ಗಮನಿಸಿದೆ. ಯಾರೂ ಎದುರುವಾದ ಮಾಡಲಿಲ್ಲ. ಎದುರುಪಾರ್ಟಿ ಇಲ್ಲದ ಕಡೆ ವಾದ ಮಾಡುವುದು ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಂತೆ.

ಕೊನೆಗೆ ಒಬ್ಬ ವಯಸ್ಸಾದ ಮಹಿಳೆ ಅಕ್ಕನನ್ನು ಒಂದೇ ಪ್ರಶ್ನೆ ಕೇಳಿದರು: ಯಾಕೆ ಹೋದಿರಿ?

“ಇವನ ಸಲುವಾಗಿರಿ,” ಅಕ್ಕ ನನ್ನ ಕಡೆ ಕೈ ಮಾಡಿದಳು. “ಇವನಿಗೆ ನಿಮ್ಮ ಊಟ ಹತ್ತವಲ್ದು. ರೊಟ್ಟಿ ಮೆತ್ತಗಾಗಿದ್ದು. ಬಿಸಲು ಬಿದ್ದಿತ್ತು. ಬಿದ್ದ ಬಿಸಲ್ನ ಹೆಂಗ ಬಿಡಬೇಕು ಹೇಳ್ರಿ?”

ಭಾಷಾಂತರ ಮುಗಿದ ಮೇಲೆ ಆ ಮಹಿಳೆ ಏನೋ ಹೇಳಿದರು. ನಸ್ರೀನ್ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಳು: “ಅವ್ರ ತಾಯಿನೂ ಮಳಿ ನಿಂತ ಕೂಡ್ಲೇ ಹಾಸಿಗಿ ಹೊತ್ಕೊಂಡು ಮಾಳಿಗಿಗೆ ಓಡ್ತಿದ್ರಂತ.”

ಅನುಮತಿ ಸಿಕ್ಕಿತು. ಮರುದಿನವೇ ದೀಪ. ಮಾಳಿಗೆಯ ಬಾಗಿಲಿಗೆ ಕೀಲಿ ಬಿತ್ತು. ಸಂಜೆ ಆ ದಾದಿ ಹಾಸಿಗೆ ಒಣಗಿಸುವ ಬಿಸಿಗಾಳಿ ಯಂತ್ರವೊಂದನ್ನು ತಳ್ಳಿಕೊಂಡು ಬಂದು, ಚಾದರ ಹಾಸಿ, ಉಳಿದ ರೊಟ್ಟಿಗಳನ್ನು ಅಳತೆ ಹಿಡಿದಂತೆ ಸಾಲಾಗಿ ಜೋಡಿಸಿ ಒಣಗಿಸಿದಳು. ಅಕ್ಕ ಮಂಚದ ಮೇಲಿಂದ ಕೈಸನ್ನೆಯಲ್ಲಿ ನಿರ್ದೇಶನ ಕೊಟ್ಟಳು. ಟಣ್ ಎನ್ನುವಷ್ಟು ಆಗಲಿಲ್ಲ. ಟಪ್ ಎಂದವು.

ಕೆಂಪು ದೀಪ

ಆ ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ. ಎಲ್ಲರೂ ಬಣ್ಣದ ಕನ್ನಡಕ ಹಾಕಿಕೊಂಡು ಒಳಗೆ ಹೋದರು. ಬಾಗಿಲ ಕೆಳಗಿನ ಸಂದಿನಿಂದ ಕುಂಕುಮದ ಗೆರೆಯಂತೆ ಕೆಂಪು ಬೆಳಕು ಹೊರಬಂತು. ಪೆನ್ಸಿಲಿನಷ್ಟು ದಪ್ಪದ ನಳಿಕೆಯಿಂದ ನಾಲಿಗೆಯ ಆ ಜಾಗಕ್ಕೆ ಬೆಳಕು ಹಿಡಿಯುತ್ತಾರೆ ಎಂದು ನಸ್ರೀನ್ ಹೇಳಿದ್ದಳು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಇಷ್ಟೇನಾ ಎಂದು ನಾನು ಅಂದುಕೊಂಡಿದ್ದೆ. ಬ್ಯಾಟರಿ ಹಿಡಿದು ಗಂಟಲು ನೋಡಿದಷ್ಟು ಎಂದು.

ಒಳಗಿಂದ ಅಕ್ಕ ಕಿರಿಚಿದಳು. ಕಾಗೆಗೆ ಕೂಗಿದ ದನಿ ಅಲ್ಲ ಅದು. ಎರಡು ಹೆರಿಗೆಯಲ್ಲೂ ಅವಳು ಹಾಗೆ ಕೂಗಿರಲಿಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದಳು. ಆ ಶಾಂತವಾದ ಓಣಿಯಲ್ಲಿ ಕೂತಿದ್ದವರೆಲ್ಲ ತಲೆ ತಗ್ಗಿಸಿದರು. ನಾನು ಬಾಗಿಲಿಗೆ ಅಂಗೈ ಒತ್ತಿ ನಿಂತೆ. ಬೆಳಕಿಗೆ ಸದ್ದಿಲ್ಲ, ಭಾರವಿಲ್ಲ, ವಾಸನೆಯಿಲ್ಲ. ಅದು ಮಾಂಸದೊಳಗೆ ಹೀಗೆ ಕೆಲಸ ಮಾಡುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ಬಿಸಿಲಲ್ಲಿ ನಡೆದ ನಾನು ನಂಬಿರಲಿಲ್ಲ. ಆಗಾಗ ನಿಲ್ಲಿಸಿ, ನೋವಿಗೆ ಔಷಧಿ ಕೊಟ್ಟು, ಮತ್ತೆ ಹಿಡಿದರು.

ಮರುದಿನ ಅವಳ ನಾಲಿಗೆ ಬಾಯಿತುಂಬ ಊದಿತ್ತು. ಎಡ ಅಂಚು ಮೊದಲು ಬಿಳಚಿ, ಆಮೇಲೆ ಸುಟ್ಟ ರೊಟ್ಟಿಯ ಅಂಚಿನಂತೆ ಕಪ್ಪಾಯಿತು. ಹೀಗೇ ಆಗಬೇಕು ಎಂದರು ವೈದ್ಯರು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು ಬಂದೆ.

ಮೌನ

ಅಕ್ಕ ಮಾತಾಡಲಿಲ್ಲ. ಆಗುತ್ತಿರಲಿಲ್ಲ. ಮೂಗಿನ ನಳಿಕೆಯಿಂದ ಆಹಾರ. ಏನು ಬೇಕಾದರೂ ಬೆರಳು ತೋರಿಸುವುದು. ಅವಳ ಮೌನ ಎಂಬುದನ್ನು ನಾನು ಅರವತ್ತು ವರ್ಷದಲ್ಲಿ ಕೇಳಿರಲಿಲ್ಲ. ಕೇಳಿಸಿಕೊಳ್ಳುವುದು ಹೇಗೆಂದೂ ತಿಳಿಯಲಿಲ್ಲ. ನಾನೇ ಇಬ್ಬರ ಪರವಾಗಿ ಮಾತಾಡತೊಡಗಿದೆ. ಅವಳು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ನಟಿಸಿದಳು.

ಶರಣಪ್ಪ ಮಾವ ದಿನಾ ಫೋನು ಮಾಡುತ್ತಿದ್ದರು. “ಆಕಿ ಬೈಯೋದು ಕೇಳಲಾರ್ದಕ್ಕ ನನಗ ಜ್ವರ ಬಂದಂಗ ಆಗ್ಯಾದ, ಬಸವರಾಜ. ಬಿತ್ತಗಿ ಸುರು ಮಾಡೇನಿ ಅಂತ ಹೇಳು. ಕೂರಿಗಿ ತಾಳ ಸಡಲ ಆಗಿ ಬೀಜ ಮ್ಯಾಲೇ ಬಿದ್ದಾವ ಅಂತನೂ ಹೇಳು. ಸಿಟ್ಟಿಗೆ ಬಂದ್ರ ಮಾತಾಡ್ತಾಳೇನೋ ನೋಡೂಣು.”

ಫೋನನ್ನು ಅಕ್ಕನ ಕಿವಿಗೆ ಹಿಡಿದೆ. ಬೀಜದ ಸುದ್ದಿ ಕೇಳಿ ಅವಳ ಹುಬ್ಬು ಕೂಡಿತು. ಗಂಟಲಿನಿಂದ ಒಂದು ಸದ್ದು ಹೊರಟಿತು. ಮಾತಲ್ಲ. ಆದರೆ ಅದು ಯಾವ ಮಾತಾಗಬೇಕಿತ್ತು ಎಂದು ನನಗೂ ಮಾವನಿಗೂ ಗೊತ್ತಾಯಿತು.

ಊತ ಇಳಿಯಲು ಸಮಯ ಹಿಡಿಯಿತು. ಕಪ್ಪು ಭಾಗ ಸ್ವಲ್ಪಸ್ವಲ್ಪ ಕಳಚಿ ಬಿತ್ತು; ಕೆಳಗೆ ಹೊಸ ಎಳೆ ಮಾಂಸ ಕಂಡಿತು. ನಸ್ರೀನ್ ದಿನಾ ಬಂದು ಮಂಚದ ಪಕ್ಕ ಕೂತು ಹವಳಗಾದ ಸುದ್ದಿ ಹೇಳುತ್ತಿದ್ದಳು. ಒಂದು ಮುಂಜಾನೆ ಹುಡುಗಿ ತಾನು ಊಟ ಬಿಟ್ಟು ಕೆಲಸ ಮಾಡಿದೆ ಎಂದಾಗ, ಅಕ್ಕ ತೊದಲುತ್ತ, ಒಂದೊಂದೇ ಅಕ್ಷರ ಹೊರಹಾಕುತ್ತ ಎಂದಳು: “ಉಣ್ಣಾಕ... ಏನ್... ಧಾಡಿ ಬೇ ನಿನಗ?”

ನಸ್ರೀನ್ ಓಣಿಗೆ ಓಡಿ ವೈದ್ಯರನ್ನು ಕರೆತಂದಳು. ಅವರಿಗೆ ಅರ್ಥ ಏನು ಎಂದು ಯಾರೂ ಹೇಳಲಿಲ್ಲ. ಆದರೂ ಬಾಗಿದರು.

ಹೊರಡುವ ಮುನ್ನ

ಹೊಸ ಮಾಂಸದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಅಕ್ಕ ಬೆಳಿಗ್ಗೆ ಎದ್ದು, ಮಂದ ದೀಪದಲ್ಲೇ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಎಂದಿಗಿಂತ ಹೆಚ್ಚು ಹೊತ್ತು ಕೂತಳು. ನಾನು ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತಿದ್ದೆ. ಹಿರಿಯ ವೈದ್ಯರು ಬಂದು, ಕಾಗದ ನೋಡಿ, ನಸ್ರೀನಳಿಗೆ ಹೇಳಿದರು. ನಸ್ರೀನ್ ನಮಗೆ ಹೇಳುವ ಮೊದಲೇ ಅವಳ ಮುಖ ಹೇಳಿತ್ತು. ಆದರೂ ಅವಳು ಪೂರ್ತಿಯಾಗಿ, ನಿಧಾನವಾಗಿ, ಒಂದು ಅಕ್ಷರ ಬಿಡದೆ ಹೇಳಿದಳು. ಮುಂದೆ ತಿಂಗಳು ತಿಂಗಳೂ ಕಲಬುರಗಿಯಲ್ಲಿ ತೋರಿಸಬೇಕು, ಮಿಶ್ರಿ ಮುಟ್ಟಬಾರದು ಎಂಬುದನ್ನೂ ಹೇಳಿದಳು.

ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ನಾಲಿಗೆಯ ಎಡ ಅಂಚಿನಲ್ಲಿ ಒಂದು ಕಚ್ಚು ಉಳಿದಿದೆ, ಆ ಭಾಗಕ್ಕೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಕಲಬುರಗಿಯಲ್ಲಿ ಹೇಳಿದ್ದ ಅರ್ಧ ನಾಲಿಗೆಯ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ; ಅಕ್ಕನ ಮಾತು ಉಳಿಯಿತು.